ಕರಗಿಸುವ ಮೊದಲು

ವಾಡೆಯ ಹುಡುಗಿ ಎರಡು ತಾಯಿತ ತಂದಿಟ್ಟಳು,
ಕರ್ಚೀಪಿನಲ್ಲಿ ಸುತ್ತಿ, ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ.
"ಕರಗಿಸಿ ಕಾಲ್ಚೈನು ಮಾಡ್ರಿ ಕಾಕಾ,
ಮುಂದಿನ ವಾರ ಸಾಖರಪುಡಾ ಅದ."

ಅಕ್ಕಲಕೋಟೆಯ ಈ ಬಜಾರದಲ್ಲಿ
ನನ್ನ ಬೋರ್ಡು ಮರಾಠಿ, ತಕ್ಕಡಿ ಕನ್ನಡ.
ಎಣಿಸುವುದು ಮುತ್ತಜ್ಜ ಎಣಿಸಿದ ಹಾಗೇ:
ಲಾಭ, ಎರಡು, ಮೂರು.

ಇವು ನಮ್ಮ ಮನೆಯ ಕೆಲಸ. ಬೆನ್ನಿನ ಮೇಲೆ
ಬೇವಿನೆಲೆಯ ಗುರುತು, ಮೋನಪ್ಪ ಪತ್ತಾರನದು.
ಇವುಗಳ ಕತೆ ನಮ್ಮಲ್ಲಿ ಹಬ್ಬದೂಟದ ಉಪ್ಪಿನಕಾಯಿಯಂತೆ
ಎಲೆಯ ಮೂಲೆಗೆ ಬೀಳುತ್ತಲೇ ಇರುತ್ತದೆ:

ಗುರಾಬಾಯಿಗೆ ಮದುವೆ ಬೇಡವಾಗಿತ್ತು.
ಮಹಾಂತರಾವನಿಗೂ.
ಎರಡು ಜಹಾಗೀರುಗಳ ನಡುವಿನ ನಾಲ್ಕು ಕೂರಿಗೆ ಎರಿಭೂಮಿ
ಮೂವತ್ತು ವರ್ಷ ಕಚೇರಿಯಲ್ಲಿತ್ತು.
ವಕೀಲರ ಹೊಟ್ಟೆ ತುಂಬಿ ಮಿಕ್ಕಿದ ಮೇಲೆ
ಹಿರಿಯರು ವ್ಯಾಜ್ಯವನ್ನು ಹಾಸಿಗೆಗೆ ವರ್ಗಾಯಿಸಿದರು.

ಅಮಾಸೆಗೆ ಮೂರು ದಿನ ಇರುವಾಗ
ಬೋರಿ ಹೊಳೆಯ ದಂಡೆಗೆ, ಯಂತ್ರದ ಈರಮ್ಮನ ಗುಡಿಸಲಿಗೆ
ಹೊತ್ತು ಮುಳುಗುವ ಮುಂಚೆ ಇವಳ ದಾಸಿ ಹೋದಳು.
ಮುಳುಗಿದ ಮೇಲೆ ಅವನೇ ಹೋದ,
ರುಮಾಲು ಬಿಚ್ಚಿಟ್ಟು, ಆಳಿನ ಕಂಬಳಿ ಹೊದ್ದು.
ಕೇಳಿದ್ದು ಒಂದೇ:
ನನ್ನನ್ನು ಕಂಡರೆ ಅತ್ತ ಕಡೆಯವರಿಗೆ ಆಗಬಾರದು.
ಈರಮ್ಮ ಜಾಲಿಮುಳ್ಳಿನಿಂದ ತಾಮ್ರದ ತಗಡು ಗೀಚಿದಳು.
ಬೆಳ್ಳಿಯ ಕೊಳವೆಗೆ ಎರಡೂ ಬಂದದ್ದು ನಮ್ಮ ಕುಲುಮೆಗೆ.

ಅಲ್ಲಿಂದ ಮುಂದಿನದು ನಮ್ಮ ಮನೆತನದ ಜಂಬ:
ಮೋನಪ್ಪಜ್ಜ ಹೆಸರು ಓದಿ, ಮೀಸೆಯಲ್ಲೇ ನಕ್ಕು,
ತಗಡು ತೆಗೆದು ಬೂದಿ ತುಂಬಿ ಬೆಸೆದನಂತೆ.
ಅದಕ್ಕೇ ಮಾಟ ತಾಗಲಿಲ್ಲವಂತೆ.
ಎರಡು ಮನೆತನ ನಿಂತದ್ದು ಒಬ್ಬ ಪತ್ತಾರನ ಕಳ್ಳತನದ ಮೇಲೆ
ಎಂದು ನನ್ನಪ್ಪ ಹೋಳಿಗೆ ಮುರಿಯುತ್ತ ಹೇಳುತ್ತಿದ್ದ.

ಮೊದಲ ವರ್ಷ ಗಂಡಹೆಂಡಿರ ಮಾತೆಲ್ಲ ದಾಸಿಯ ಮುಖಾಂತರ.
"ಬಾಯಿಸಾಹೇಬರಿಗೆ ಹೇಳು, ದೀಪ ಕಣ್ಣಿಗೆ ಹೊಡೆಯುತ್ತದೆ."
"ಸರಕಾರರಿಗೆ ಹೇಳು, ಕಣ್ಣು ಮುಚ್ಚಿಕೊಳ್ಳಲಿ."
ದಾಸಿಗೆ ಜ್ವರ ಬಂದ ದಿನ
ಆ ಪಡಸಾಲೆಯಲ್ಲಿ ಗೋಡೆಯ ಹಲ್ಲಿಯದೊಂದೇ ಮಾತು.
ಸಂಜೆ ಅವಳು ಪಗಡೆಯ ಹಾಸು ಬಿಡಿಸಿದಳು,
ಒಬ್ಬಳೇ ಎರಡೂ ಕಡೆ ಆಡಲು.
ದಂತದ ದಾಳ ಅತ್ತೆಯ ಪೆಟ್ಟಿಗೆಯಲ್ಲಿ, ಬೀಗದೊಳಗೆ.
ಇವಳ ಬಳಿ ತವರಿನ ಹುಣಸೆಬೀಜ,
ಒಂದು ಮೈ ತೇಯ್ದು ಬೆಳ್ಳಗೆ ಮಾಡಿದ್ದು.
ಅವನು ಬಂದು ಎದುರಿಗೆ ಕೂತ. ಕೇಳಲಿಲ್ಲ.
ಸೋಲುವ ಹೊತ್ತಿಗೆ ಒಂದು ಬೀಜ
ಅವಳ ಸೆರಗಿನೊಳಕ್ಕೆ ಜಾರಿತು.
ಅವನು ನೋಡಿದ. ಹೇಳಲಿಲ್ಲ.
ಹೇಳಿ ಕಳಿಸಲು ದಾಸಿ ಇರಲಿಲ್ಲವಲ್ಲ.

ಆಮೇಲೆ ನಲವತ್ತು ವರ್ಷ.
ತಾಯಿತ ಮಾತ್ರ ಇಬ್ಬರೂ ಬಿಚ್ಚಲಿಲ್ಲ.
ಬಿಚ್ಚಿದರೆ ಏನು ಹೋಗುತ್ತದೋ,
ಏನು ಬಂದು ಕೂರುತ್ತದೋ.

ಇವತ್ತು ಅವಳದನ್ನು ಚಿಮಟದಲ್ಲಿ ಹಿಡಿದು ಸೀಳಿದೆ.
ಬೂದಿಯಿಲ್ಲ.
ತಗಡು, ಸುರುಳಿ ಸುತ್ತಿ, ಹಸಿರು ಹಿಡಿದದ್ದು.
ಹೆಸರು ಸರಿ, ಬೀಜಾಕ್ಷರ ಸರಿ,
ಒಂದು ಒತ್ತು ಕೂಡ ತಪ್ಪಿಲ್ಲ.
ಮೋನಪ್ಪಜ್ಜ ಹೇಳಿದ ಕೆಲಸ ಹೇಳಿದ ಹಾಗೆ ಮಾಡಿ
ಕೂಲಿ ಎಣಿಸಿಕೊಂಡಿದ್ದ, ಅಷ್ಟೇ.
ಮಾಟ ಪೂರ್ತಿ ಇತ್ತು, ಅಷ್ಟೂ ವರ್ಷ,
ಅವಳ ತೋಳಿನ ಮೇಲೆ.

ಅವನದಕ್ಕೆ ಬೆಸುಗೆ ಎರಡು.
ಒಂದು ನಮ್ಮದು, ಕೂದಲೆಳೆಯಂಥದ್ದು.
ಅದರ ಮೇಲೊಂದು, ಸೀಸದ್ದು, ಬೊಬ್ಬೆ ಎದ್ದದ್ದು.
ಕಸಬು ಅರಿಯದ ಕೈ. ಅವಸರ. ರಾತ್ರಿಯೇ ಇರಬೇಕು,
ಬೆಳಕಿಗೆ ಹೆದರಿ ಒಂದು ಬದಿ ಸುಟ್ಟುಕೊಂಡಿದೆ.
ಒಳಗೆ ಅದೇ ತಗಡು. ತಗಡಿಗೆ ಒತ್ತಿಕೊಂಡು
ಒಂದು ಹುಣಸೆಬೀಜ,
ಒಂದು ಮೈ ಬಿಳಿ.

ಹುಡುಗಿ ಫೋನಿನಿಂದ ತಲೆ ಎತ್ತಿದಳು.
"ಏನೈತ್ರಿ ಒಳಗ?"
ಹುಡುಗ ಹೆಂಗಿದ್ದಾನವ್ವ ಎಂದೆ.
"ಇನ್ನಾ ಸರಿಯಾಗಿ ಮಾತಾಡಿಲ್ಲರಿ."

ತಗಡನ್ನು ಬೇರೆ ಇಟ್ಟೆ. ಬೆಳ್ಳಿ
ಮೂರು ತೊಲಕ್ಕೆ ಎರಡು ಗುಂಜಿ ಕಮ್ಮಿ.
ಬೀಜವನ್ನು ಗುಲಾಬಿ ಕಾಗದದಲ್ಲಿ ಮಡಿಸಿ
ಚೀಟಿಯ ಜೊತೆ ಅವಳ ಕೈಗಿಟ್ಟೆ.
ತೂಕಕ್ಕೆ ಹಿಡಿಯಲಿಲ್ಲ.