ನಲವತ್ತು ಟಿಕೆಟ್ಟು

ಕಾಗದ ಕನ್ನಡದಲ್ಲಿತ್ತು, ಅದಕ್ಕೇ ನನ್ನ ಕರೆದರು.
ಮಾರಿಕುಪ್ಪಂ ಸ್ಟೇಷನ್ನಿನ ಗೋಡೆಯುದ್ದಕ್ಕೂ,
ಸೈಕಲ್ ಶಾಪಿನ ಮೆಟ್ಟಿಲ ತನಕ, ಜನ.
ಓದಿದೆ, ಕಚೇರಿ ಕನ್ನಡ, ನಾಲಿಗೆಗೆ ಕಲ್ಲು ಸಿಕ್ಕಂತೆ:
‘ಸದರಿ ಕಪ್ ಪಂದ್ಯಕ್ಕೆ ತಮ್ಮ ತಂಡದ ಅಭಿಮಾನಿಗಳಿಗಾಗಿ
ನಲವತ್ತು ಟಿಕೆಟ್ಟುಗಳನ್ನು ಹಂಚಿಕೆ ಮಾಡಲಾಗಿದ್ದು...’
ಮಾಡಲಾಗಿದ್ದು ಅಂದರೆ? ಕೇಳಿದ ಜಯಶೀಲನ್.
ಮುಗೀತು ಅಂತ, ಅಂದೆ.

ನಲವತ್ತಾ?
ಅವರು ಇಲ್ಲಿಗೆ ಬಂದಾಗ ತಲೆ ಎಣಿಸಿದ್ದೆವಾ ನಾವು?
ಸೈನೈಡ್ ದಿಬ್ಬದ ಮೇಲೆ ಹರಡಿಕೊಂಡು ಕೂತರು,
ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ,
ಹಾಫ್‌ಟೈಮಿಗೆ ಟೀ ಬೇರೆ ಕೊಟ್ಟೆವು.
ತುಮಕೂರಿನವರ ಗ್ಲಾಸು ಇನ್ನೂ ಎರಡು ವಾಪಸು ಬಂದಿಲ್ಲ.

ಚೀಟಿ ಲೆಕ್ಕದ ಪುಸ್ತಕವನ್ನು ತಿರುವಿ
ಹಿಂದಿನ ಹಾಳೆಯಿಂದ ಬರೆಯತೊಡಗಿದೆ.
ಹೆಸರು ನೂರ ಅರವತ್ತಮೂರಾದಾಗ
ಪೆನ್ನು ಎತ್ತಿ, ಈಗ ಹೊಡೆಯೋದು ಹೇಗೆ ಹೇಳಿ, ಅಂದೆ.

ಚಂದಾ ಕಟ್ಟಿದವರಿಗೆ, ಎಂದ ಖಜಾಂಚಿ ದೊರೈಕಣ್ಣು.
ಕಟ್ಟಿದವರು ಹನ್ನೊಂದು ಜನ,
ಅದರಲ್ಲಿ ಇಬ್ಬರು ತೀರಿಕೊಂಡಿದ್ದಾರೆ.
ಹಾಗಾದರೆ ಲಾಟರಿ ಎತ್ತಿ, ಎಂದ ಮೊಹಿದೀನ್.
ಅದೃಷ್ಟ ಇದ್ದಿದ್ದರೆ
ಈ ತಂಡಕ್ಕೆ ಯಾಕೆ ಅಂಟಿಕೊಳ್ತಿದ್ದೆವು?

ಚಿಂತಾಮಣಿಗೆ ಬಂದವರಿಗೆ!
ಯಾರು ಕೂಗಿದರೋ, ಎಲ್ಲರೂ ಹೌದು ಹೌದು ಅಂದರು.
ಆರು ಗೋಲು ತಿಂದ ದಿನ ಅದು,
ಬಸ್ಸು ಕೆಟ್ಟು, ಶ್ರೀನಿವಾಸಪುರದ ಹತ್ತಿರ
ಮಾವಿನ ಮಂಡಿಯಲ್ಲಿ ಮೂಟೆಗೆ ಒರಗಿ ಮಲಗಿದ್ದೆವು.
ಟಿಕೆಟ್ಟಿನ ದುಡ್ಡು ವಸೂಲಿ ಮಾಡಿದ್ದು ನಾನೇ,
ಬಂದದ್ದು ಹತ್ತೊಂಬತ್ತು ಜನ.
ಈಗ ಎತ್ತಿದ ಕೈ ಅರವತ್ತೆರಡು.
ಅಷ್ಟು ಜನ ಬಂದಿದ್ದರೆ ಆರು ಗೋಲು ಆಗ್ತಿತ್ತಾ,
ಮುನಿಕೃಷ್ಣ ಕೇಳಿದ. ಕೆಲವು ಕೈ
ತಲೆ ಕೆರೆದುಕೊಳ್ಳುತ್ತಾ ಕೆಳಗಿಳಿದವು.

ಗೋಲಿಯ ಅಮ್ಮ ಸಹಾಯಮೇರಿಗೆ ಒಂದು.
ಅವಳು ಆಟ ಪೂರ್ತಿ ಕಣ್ಣು ಮುಚ್ಚಿಕೊಂಡಿರ್ತಾಳೆ,
ಮುಚ್ಚಿದ ಕಣ್ಣಿಗೆ ಟಿಕೆಟ್ಟಾ?
ಅವಳು ಮುಚ್ಚಿದಾಗಲೇ ಕಣೋ ಅವನು ಪೆನಾಲ್ಟಿ ಹಿಡಿದದ್ದು.
ಬರಿ, ಬರಿ. ಬರೆದೆ.

ಕಾಗದದ ಕೊನೆಗೆ ಇರುವೆ ಸಾಲಿನಂಥ ಅಕ್ಷರ:
‘ಹದಿನೇಳನೇ ಆಸನಕ್ಕೆ ಕಂಬ ಅಡ್ಡವಿರುವುದರಿಂದ
ಮೈದಾನವು ಕಾಣದಿರಬಹುದು.’
ನಗು ಗೋಡೆಯುದ್ದಕ್ಕೂ ಹರಿಯಿತು.
ಅಲ್ಲಿಗೆ ಮೂವತ್ತೊಂಬತ್ತು, ಎಂದ ದೊರೈಕಣ್ಣು.

ತಂಗರಾಸು ತಾತ ಬೀಡಿ ಆರಿಸಿದರು.
ಮೂವತ್ತೊಂದು ವರ್ಷ ವೈಂಡಿಂಗ್ ಎಂಜಿನ್ ಓಡಿಸಿದವರು.
ಒಂದು ಗಂಟೆ ಹೊಡೆದರೆ ನಿಲ್ಲಿಸು,
ಎರಡಕ್ಕೆ ಇಳಿಸು,
ಮೂರು ಅಂದರೆ ಒಳಗೆ ಮನುಷ್ಯರು.
ನಾನಿದ್ದದ್ದು ಎಂಜಿನ್ ಮನೆಯೊಳಗೆ, ಹಗ್ಗ ಹೋಗೋದು ಹೊರಗೆ,
ಒಬ್ಬನ ಮುಖವನ್ನೂ ನೋಡದೆ
ಕೇರಿಗೆ ಕೇರಿಯನ್ನೇ ಕೆಳಗಿಳಿಸಿದೀನಿ,
ಸಂಜೆಗೆ ಎತ್ತಿದೀನಿ.
ಚೆಂಡಿಗೆ ತಾಗಿದ್ದು ಎಡಗಾಲೋ ಬಲಗಾಲೋ
ಕಂಬದ ಹಿಂದಿನಿಂದ ನಾನು ಹೇಳ್ತೀನಿ.
ಹದಿನೇಳು ನನಗೆ ಬರಿಯಮ್ಮ.

ಗೋಡೆ ಸುಮ್ಮನಾಯಿತು.
ಆ ಹಗ್ಗದ ತುದಿಯಲ್ಲಿ ಅಪ್ಪ ಇದ್ದವರೇ
ಅಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು.
ನನ್ನಪ್ಪನೂ.
ಎತ್ತಿದವರು ಇವರಾ, ಬೇರೆ ಪಾಳಿಯವರಾ,
ಕೇಳಿದರೆ ತಾತನಿಗೂ ಗೊತ್ತಿರಲಿಕ್ಕಿಲ್ಲ.

ಆಮೇಲೆ ಜಯಶೀಲನ್ ಶುರು ಮಾಡಿದ,
ತಾತನ ಪಕ್ಕದಲ್ಲಿ ಕೈ ಹಿಡಿಯೋಕೆ ಒಬ್ಬರು ಬೇಡವಾ,
ಹದಿನೆಂಟು ನನಗಿರಲಿ.
ಮತ್ತೆ ಹತ್ತಿಕೊಂಡಿತು.
ಕೊನೆಯ ರೈಲು ಬಂದು ಇಳಿದವರೂ ಸೇರಿಕೊಂಡು
ಕತ್ತಲಾಗುವ ಹೊತ್ತಿಗೆ ಹೆಸರು ನೂರ ಎಂಬತ್ತು,
ಇತ್ಯರ್ಥ ಆದದ್ದು ಒಂಬತ್ತು.

ನಿನ್ನದು ಬರೆದಿದೀಯಾ ಅಂತ ಯಾರೂ ಕೇಳಲಿಲ್ಲ.
ಒಂದನೇ ನಂಬರು, ಕನಗವಲ್ಲಿ.
ಕಾಗದ ಬಿಚ್ಚುವ ಮೊದಲೇ ಬರೆದಿದ್ದೆ.
ಮಾವಿನ ಮೂಟೆಗೆ ಒರಗಿದ್ದ ಹತ್ತೊಂಬತ್ತರಲ್ಲಿ
ಪೆನ್ನು ಇದ್ದದ್ದು ನನ್ನ ಹತ್ತಿರ ಮಾತ್ರ.