ಹತ್ತೊಂಬತ್ತು

ಅಮ್ಮತ್ತಿಯಲ್ಲಿ ಯಾವ ಅಂಗಡಿಯ ಬೋರ್ಡು ನೋಡಿದರೂ
ಬಲಗಡೆ ಮೂಲೆಯಲ್ಲಿ ಸಣ್ಣಗೆ ‘ಮೊಯ್ದು’ ಅಂತಿರುತ್ತದೆ.
ಇಲ್ಲಿ ಮಾತ್ರ ನಾನು ಸಹಿ ಹಾಕುವುದಿಲ್ಲ.

ಅಕ್ಟೋಬರ್ ಕೊನೆಗೆ ಮಳೆ ಬಿಟ್ಟು
ಬಿಸಿಲಿಗೆ ಗೋಡೆ ಹಬೆಯಾಡುವಾಗ
ಸವರಿಮುತ್ತು ಫೋನು ಮಾಡುತ್ತಾನೆ:
‘ಪಾಚಿ ತೆಗೆದಾಯ್ತು, ಬಾ.’
ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ
ಐದು ತಿಂಗಳ ಹಸಿರನ್ನು ಬಕೆಟ್ಟಿಗೆ ಇಳಿಸಿರುತ್ತಾನೆ.
ನೂರಾ ಎಂಬತ್ತು ಚಿಲ್ಲರೆ ಸಮಾಧಿ,
ಎಲ್ಲಕ್ಕೂ ಒಂದೇ ಸುಣ್ಣ.
ಜ್ವರದಲ್ಲಿ ಸತ್ತ ಇಪ್ಪತ್ಮೂರರ ಪ್ರಾಯದ ದೊರೆಗೂ
ಅವನ ತೋಟದ ಲೈನ್ ಮನೆಯಲ್ಲಿ
ಹೆತ್ತು ಹೋದ ಆರೋಕ್ಯಮ್ಮನಿಗೂ.

ಸುಣ್ಣದ ದುಡ್ಡು ಎಲ್ಲಿಂದ ಅಂದರೆ,
ಗೋಡೆಗುಂಟ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ.
ವರ್ಷಕ್ಕೊಮ್ಮೆ ಭಾನುವಾರದ ಪೂಜೆ ಮುಗಿದ ಮೇಲೆ ಹರಾಜು.
‘ಸತ್ತವರ ಮೆಣಸಿಗೆ ಖಾರ ಜಾಸ್ತಿ’ ಅಂತ
ವ್ಯಾಪಾರಿ ಮಂದಪ್ಪ ನಗುತ್ತಾನೆ,
ತೂಕದಲ್ಲಿ ಮಾತ್ರ ಒಂದು ಕಾಳೂ ಬಿಡುವುದಿಲ್ಲ.

ನನಗೆ ಕನ್ನಡ ಗೊತ್ತು, ಮಲಯಾಳ ಗೊತ್ತು,
ಇಂಗ್ಲಿಷು ಕೂಡಿಸಿ ಕೂಡಿಸಿ ಓದುತ್ತೇನೆ.
ತಮಿಳು ಬಾರದು.
ಬಾರದ ಅಕ್ಷರದಲ್ಲಿ ಕುಂಚ ಹೆಚ್ಚು ಹುಷಾರು:
ಕಲ್ಲು ಎಲ್ಲಿ ತಗ್ಗಿದೆಯೋ ಅಲ್ಲೇ ಇಳಿಯುತ್ತೇನೆ,
ಕತ್ತಲಲ್ಲಿ ಮೆಟ್ಟಿಲು ಇಳಿದ ಹಾಗೆ.
ಹದಿನಾರು ವರ್ಷ ತಿದ್ದಿದ ಒಂದು ಸಾಲನ್ನು
ಯಾರದೋ ಹೆಸರೆಂದೇ ತಿಳಿದಿದ್ದೆ.
ಸವರಿಮುತ್ತು ಓದಿ ಹೇಳಿದ:
‘ಹೆಸರಲ್ಲ ಮಾರಾಯಾ. ಆಮೇಲೆ ಸಿಗೋಣ, ಅಂತ.’

ಕೆಳಗಿನ ಸಾಲಿನಲ್ಲಿ, ಹಲಸಿನ ಮರದ ಪಕ್ಕ
ಬೆನೆಡಿಕ್ಟ್ ಮಸ್ಕರೇನ್ಹಸ್. ಎಪ್ಪತ್ತೊಂಬತ್ತರಲ್ಲಿ ಹೋದವರು.
ಆಗಲೇ ಹೆಂಡತಿ ಪೆಲ್ಸಿತಾ ಬಾಯಿ
ಒಂದೇ ಖರ್ಚಿನಲ್ಲಿ ಮುಗಿಯಲೆಂದು
ತನ್ನ ಹೆಸರನ್ನೂ ಕೆತ್ತಿಸಿಬಿಟ್ಟರು:
ಹುಟ್ಟಿದ ಇಸವಿ, ಅಡ್ಡಗೆರೆ, ಆಮೇಲೆ ‘೧೯’.
ಮುಂದಿನ ಎರಡಂಕಿಗೆ ಜಾಗ ಬಿಟ್ಟು.

ಎಂಬತ್ತು ಹೋಯಿತು. ತೊಂಬತ್ತೂ ಹೋಯಿತು.
ಎರಡು ಸಾವಿರದ ನವೆಂಬರಿನಲ್ಲಿ
ಕೊಡೆಯ ತುದಿಯಿಂದ ಕಲ್ಲು ಕುಟ್ಟಿ ಕೇಳಿದರು,
‘ಮೊಯ್ದು, ಲೆಕ್ಕ ತಪ್ಪಾಯ್ತಲ್ಲ, ಏನು ಮಾಡೋಣ?’
ಬಿಳಿ ಸಿಮೆಂಟು ಮೆತ್ತಿ ಮುಚ್ಚಿದೆ.
ಮಳೆಗಾಲ ಸಿಮೆಂಟು ತಿಂದಿತು. ಮತ್ತೆ ಮೆತ್ತಿದೆ.
ಪ್ರತಿ ವರ್ಷ ಹತ್ತೊಂಬತ್ತು ಎದ್ದು ಬರುತ್ತದೆ,
ಪ್ರತಿ ವರ್ಷ ಆಕೆಯೂ.

ಹೋದ ಜೂನಿನಲ್ಲಿ ಆನೆ ಹಲಸಿಗೆ ಬಂತು.
ಗೋಡೆ ಕೆಡವಿತು, ದೊರೆಯ ಶಿಲುಬೆ ಮುರಿಯಿತು,
ಆಕೆಯ ಕಲ್ಲಿನ ಮೇಲೆ ಲದ್ದಿ ಹಾಕಿ ಹೋಯಿತು.
ಅಳುಕುತ್ತಲೇ ಸುದ್ದಿ ಹೇಳಲು ಹೋದರೆ
‘ಗುಲಾಬಿಗೆ ಒಳ್ಳೇದು, ಚೀಲದಲ್ಲಿ ತುಂಬಿಸಿ ತಾ’ ಅಂದರು.

ಈ ಸಲ ಎರಡನೇ ತಾರೀಖು, ಸಂಜೆ.
ಕಲ್ಲುಕಲ್ಲಿಗೂ ಮೇಣದ ಬತ್ತಿ.
ಲೈನ್ ಮನೆಗಳಿಂದ, ಪೇಟೆಯಿಂದ ಬಂದವರು
ಗಾಳಿಗೆ ಕೈ ಅಡ್ಡ ಹಿಡಿದು
ಗುರುತಿಲ್ಲದವರ ಬತ್ತಿಯಿಂದ ಹೊತ್ತಿಸಿಕೊಳ್ಳುತ್ತಿದ್ದರು.
ಆಕೆ ಆಟೋ ಇಳಿದರು,
ಮೊಮ್ಮಗಳ ಕೈ ಬಿಡಿಸಿಕೊಂಡರು,
ಬಗ್ಗಿ, ಬೆರಳಿನಿಂದ ತನ್ನದೇ ಹೆಸರು ಸವರಿದರು.
‘ಸಿ’ಯ ಗುಡಿಸು ಅಳಿಸಿ ಕೈಗೆ ಬಂತು.

‘ಇನ್ನೂ ಒಣಗಿಲ್ಲ’ ಅಂದೆ.
‘ಗೊತ್ತು’ ಅಂದರು, ಸೆರಗಿಗೆ ಕಪ್ಪು ಒರೆಸುತ್ತ.
ಮತ್ತೆ ಬ್ಯಾಗಿನಿಂದ ಟಾರ್ಚು ತೆಗೆದು
ನಾನು ತಿದ್ದಿ ಮುಗಿಸುವವರೆಗೂ
ಹಿಡಿದು ನಿಂತರು.