ಕೂದಲೆಳೆ

ಪ್ರಿಯೆನಾಯ್ ಊರಿನಾಚೆ, ನೆಮುನಸ್ ನದಿ ಸೊಂಟ ತಿರುವುವಲ್ಲಿ
ತಗಡಿನ ಶೆಡ್ಡು. ಒಳಗೆ ವರ್ಷವಿಡೀ ಇಪ್ಪತ್ತೆರಡು ಡಿಗ್ರಿ.
ಹೊರಗೆ ನದಿ ಹೆಪ್ಪುಗಟ್ಟಿದೆ.
ಫ್ರೀಜರಿನಲ್ಲಿ ರಾಳ ಕುಡಿದ ಕರಿಬಟ್ಟೆಯ ಸುರುಳಿ
ನದಿಗಿಂತ ತಣ್ಣಗೆ ಮಲಗಿದೆ.

ನನ್ನ ಕೆಲಸ ಸೋರಿಕೆ ಹುಡುಕುವುದು.
ದಾಂಗುವೊಲೆ ಕಟ್ಟಿದ್ದನ್ನು ನಾನು ಅನುಮಾನಿಸಬೇಕು,
ಸಂಬಳ ಅದಕ್ಕೇ.

ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು ಓರೆಗೆ
ಹಾಸುತ್ತ ಹೋಗುತ್ತಾಳೆ. ಮೂಲೆ ಬಂದಾಗ ಉಸಿರು ಕಟ್ಟಿ
ಹೆಬ್ಬೆರಳಲ್ಲಿ ಒತ್ತುತ್ತಾಳೆ,
ಕೂಸಿನ ಕಂಕುಳಿಗೆ ಪೌಡರು ಹಚ್ಚುವಷ್ಟು ಹಗುರ.
ಮೇಲೊಂದು ಪ್ಲಾಸ್ಟಿಕ್ ಚೀಲ; ಪಂಪು ಗಾಳಿ ಹೀರಿದರೆ
ಅಚ್ಚಿನ ಎಲುಬೆಲ್ಲ ಎದ್ದು ಕಾಣುತ್ತದೆ.
ರಾತ್ರಿಯಿಡೀ ಒಲೆ.
ಬೆಳಿಗ್ಗೆ ಬೆರಳಲ್ಲಿ ತಟ್ಟಿದರೆ ಬಟ್ಟೆಯಲ್ಲ, ಗಂಟೆ.

ಎರಡು ಹೋಳು ಅಂಟಿಸಿದರೆ ನಲವತ್ತು ಲೀಟರಿನ ಹೊಟ್ಟೆ,
ರೆಕ್ಕೆಯೊಳಗೆ ಹೋಗಿ ಕೂತರೆ ಮತ್ತೆ ಯಾರ ಕಣ್ಣಿಗೂ ಬೀಳದು.

ಗುರುವಾರ. ಗಾಳಿ ತುಂಬಿದೆ, ಸೋಪುನೀರು ಬಳಿದೆ,
ಟಾರ್ಚು ಹಿಡಿದು ಕೂತೆ.
ಹತ್ತು ನಿಮಿಷ ಏನೂ ಇಲ್ಲ.
ಹನ್ನೊಂದನೆಯದಕ್ಕೆ, ಹಿಂದಿನ ಅಂಚಿನ ಬೆಸುಗೆಯಲ್ಲಿ
ಸಾಸಿವೆಯಷ್ಟು ಗುಳ್ಳೆ.
ಒಡೆಯಿತು.
ಇನ್ನೊಂದು ಎದ್ದಿತು.

ಕೊಯ್ದು ಮಸೂರದಡಿ ಇಟ್ಟೆ:
ಒಳಗಿಂದ ಹೊರಗೆ, ಅಂಟಿನ ನಡುವೆ
ಒಂದು ಬಿಳಿ ಕೂದಲು.
ಕೂದಲೆಳೆಯಲ್ಲಿ ಪಾರಾದ ಅನ್ನುತ್ತಾರಲ್ಲ,
ಪಾರಾಗದೆ ಹೋಗುವುದಕ್ಕೂ ಅಷ್ಟೇ ಸಾಕು.

ರಿಮ್ವಿದಾಸನದು ಬೋಳುತಲೆ. ಔದ್ರೊನೆ ಕೆಂಪು ಬಣ್ಣ ಹಚ್ಚುತ್ತಾಳೆ.
ನನ್ನದಿನ್ನೂ ಕಪ್ಪು.
ನಮೂನೆಯಲ್ಲಿ 'ಕಾರಣ' ಎಂಬ ಖಾನೆ.
'ನೂಲು' ಎಂದು ಬರೆಯಬಹುದಿತ್ತು. ಪೆನ್ನು ಅಲ್ಲೇ ನಿಂತಿತ್ತು
ಅವಳು ಬೆನ್ನ ಹಿಂದೆ ಬಂದಾಗ.

ಮಸೂರಕ್ಕೆ ಕಣ್ಣಿಟ್ಟಳು. ಬಹಳ ಹೊತ್ತು.
ಟೋಪಿಯ ಅಂಚಿಗೆ ಕೈ ಹೋಯಿತು, ಹಿಂದೆ ಬಂತು.
"ನನ್ನದೇ. ಬರಿ."
ಆಮೇಲೆ, ಕನ್ನಡಕ ಒರೆಸುತ್ತ:
"ಈ ತಿಂಗಳು ನಾನು ಕಟ್ಟಿದ್ದು ಇನ್ನೂ ಆರಿವೆ."

ಆರೂ ಪಾಸಾಗಿದ್ದವು.
ಆರರ ಮೇಲೂ ನನ್ನ ಸಹಿ.
ಹತ್ತೇ ನಿಮಿಷ ಕಾದು ಹಾಕಿದ ಸಹಿ; ನಿಯಮ ಕೇಳುವುದು ಅಷ್ಟೇ,
ಇವತ್ತು ಹನ್ನೊಂದು ಆದದ್ದು
ಫೋನು ಬಂದು ಎದ್ದು ಹೋಗಿದ್ದೆನೆಂದು.
ಇದನ್ನು ಅವಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ,
ಬಕೆಟ್ಟು ಎತ್ತಿಕೊಂಡಳು.

ಈಗ ರಾತ್ರಿ ಒಂಬತ್ತು. ಕೊನೆಯ ಬಸ್ಸು ಹೋಯಿತು.
ನಾಲ್ಕರಲ್ಲಿ ಏನೂ ಇಲ್ಲ, ಒಂದೊಂದಕ್ಕೂ ಅರ್ಧ ಗಂಟೆ.
ಐದನೆಯದಕ್ಕೆ ಅವಳು ಸೋಪುನೀರು ಬಳಿಯುತ್ತಿದ್ದಾಳೆ,
ಟಾರ್ಚು ನನ್ನ ಕೈಯಲ್ಲಿ.